ಊದಿ ನೋಡು

ಗಾಂಧಿ ಬಜಾರಿನ ಒಳಗಲ್ಲಿ, ಖಲಂದರ್ ಸಾಬರ ಅಂಗಡಿ.
ಬಟ್ಟೆ ಬಾಯಿಗೆ ಹಿಡಿದು ಊದುತ್ತಿದ್ದೇನೆ.
ಪಕ್ಕದವರು ನಗುತ್ತಾರೆ. ನಗಲಿ.
ಕೊಡಚಾದ್ರಿಯ ಏರಿನಲ್ಲಿ ಬೇಸಿಗೆ ಪೂರ್ತಿ
ಕಾಡಿನ ಬೆಂಕಿ ಕಾಯುವವನು ನಾನು;
ಎರಡು ಮರ, ಒಂದು ಜೋಲಿ,
ಅದಕ್ಕೊಂದು ಹೊದಿಕೆ ಬೇಕು.

ಮೊದಲು ಮಲ್ ಬಟ್ಟೆ ಕಟ್ಟಿದ್ದೆ.
ಅಲ್ಲೊಂದು ಬಟ್ಟೆ ಇದೆಯೆಂದೇ
ಗಾಳಿಗೆ ಗೊತ್ತಾಗಲಿಲ್ಲ.
ಹೋದ ವರ್ಷ ಕೊಡೆಬಟ್ಟೆ:
ಗಾಳಿ ಹೊರಗೇ ನಿಂತಿತು, ನಿಜ,
ನನ್ನ ಉಸಿರು ಒಳಗೇ ನಿಂತು
ಬೆಳಗಿನ ಜಾವ
ಮೂಗಿನ ಮೇಲೆ ತೊಟ್ಟಿಕ್ಕಿತು.

ಸಾಬರು ಅಟ್ಟದಿಂದ ಒಂದು ಥಾನು ಇಳಿಸಿದರು.
ಬೂದು ಪಾಪ್ಲಿನ್, ಒತ್ತು ನೇಯ್ಗೆ.
ನನ್ನ ಮುಂದೆಯೇ ಕಡ್ಡಿ ಗೀರಿ,
‘ಇದರೊಳಗಿಂದ ಊದು’ ಅಂದರು.
ಊದಿದೆ.
ಜ್ವಾಲೆ ಬಾಗಿತು, ಆರಲಿಲ್ಲ.

‘ಮಾಸ್ಕು ಹೊಲಿದ ವರ್ಷ ಹೀಗೇ ನೋಡ್ತಿದ್ವಿ.
ಜುಲೇಖಾ ಊದೋಳು, ನಾನು ಕಡ್ಡಿ ಹಿಡಿಯೋನು.’
ಹೊಲಿಗೆ ಯಂತ್ರದ ಮೇಲೆ
ಲೆಕ್ಕದ ಪುಸ್ತಕಗಳು ಪೇರಿಸಿದ್ದವು.
ನಾನು ಏನೂ ಕೇಳಲಿಲ್ಲ.
ಕಡ್ಡಿ ಬೆರಳಿನ ತನಕ ಉರಿಯಿತು.

ಉಳಿದದ್ದು ಒಂಬತ್ತು ಮೀಟರ್.
ಐದು ಸಾಕು ಅಂದೆ.
ಐದಕ್ಕೆ ದುಡ್ಡು ಎಣಿಸಿಕೊಂಡು
ಒಂಬತ್ತನ್ನೂ ಮಡಚಿ ಕೊಟ್ಟರು.