ಏಳರ ಲೆಕ್ಕ

ಚಿತ್ರದುರ್ಗದ ಈರುಳ್ಳಿ ಮಂಡಿ ಹಿಂದೆ ತಗಡಿನ ಶೆಡ್ಡು.
ಮೊದಲ ದಿನ ಹೋದಾಗ ನನ್ನ ಚೀಲದಲ್ಲಿ
ಬಣ್ಣದ ಕಾರ್ಡು, ಅಳತೆ ಟೇಪು,
ಅರವತ್ತು ಶಾಲಿನ ಆರ್ಡರು,
ಮತ್ತೊಂದಿಷ್ಟು ಕರುಣೆ.
ಅದನ್ನು ಎಲ್ಲಿಳಿಸಬೇಕೆಂದು ಯಾರೂ ಹೇಳಲಿಲ್ಲ,
ಸಂಜೆವರೆಗೂ ಹೊತ್ತೇ ಇದ್ದೆ.

"ನೀಲಿ, ಹದಿನಾಲ್ಕನೇ ನಂಬರು" ಎಂದೆ.
ಗುಡಾಣದ ಮುಂದೆ ಕುಕ್ಕರಗಾಲಲ್ಲಿ ಕೂತ ಓಬಳೇಶಣ್ಣ
ಮುಖವೆತ್ತಲಿಲ್ಲ; ಎತ್ತಿದ್ದರೂ
ಕಾರ್ಡು ಅವನಿಗೆ ಕಾಣುತ್ತಿರಲಿಲ್ಲ.
"ಹದಿನಾಲ್ಕು ಅಂದ್ರೆ ಯಾವತ್ತಿಂದು ತಾಯಿ?
ಹುಳಿ ಬಂದ ಮೂರನೇ ದಿನದ್ದೋ,
ಸುಣ್ಣ ಹೆಚ್ಚಾಗಿ ಮುನಿಸ್ಕೊಂಡ ದಿನದ್ದೋ?"
ಬೆರಳದ್ದಿ, ಹೆಬ್ಬೆರಳಿಗೆ ಉಜ್ಜಿ, ಲೋಳೆ ನೋಡಿ,
ನಾಲಿಗೆ ತುದಿಗಿಟ್ಟು ಥೂ ಎಂದು ಉಗಿದು
"ಇನ್ನೂ ಎದ್ದಿಲ್ಲ ಇದು. ಮಲಗ್ಲಿ" ಅಂದ.
ನಾನು ಪುಸ್ತಕದಲ್ಲಿ ಬರೆದೆ: ಒಂದು ದಿನ ತಡ.
ಮರುದಿನ ಬರೆದೆ: ಎರಡು.

ಎದ್ದ ದಿನ ಶೆಡ್ಡಿಗೆಲ್ಲ
ಕೊಟ್ಟಿಗೆಯ, ಹಳಸಿದ ಅಂಬಲಿಯ ನಾತ.
ಅದ್ದುವವನು ತಿಪ್ಪೇಶಿ, ಇಪ್ಪತ್ಮೂರರ ಹುಡುಗ,
ಏಳರವರೆಗೆ ಎಣಿಸುತ್ತಾನೆ, ಆಮೇಲೆ ಒಂದು.
ಎಂಟು ಕಲಿಸಲು ಹೋದೆ.
ಮಗುವನ್ನು ನೋಡುವ ತಾಳ್ಮೆಯಲ್ಲಿ ನನ್ನನ್ನೇ ನೋಡಿದ.
ಮೂರು ಗಾಲಿ ಸೈಕಲ್ಲಿನ ಮೇಲೆ ಲೆಕ್ಕ ಬರೆಯುತ್ತಿದ್ದ ಕಾಟಮ್ಮ
"ವಾರಕ್ಕೆಷ್ಟು ದಿನ ಮೇಡಂ ನಿಮ್ಮೂರಾಗೆ?" ಅಂದಳು.
ಹದಿನಾಲ್ಕು ಸಲ ಅದ್ದು ಅನ್ನುವುದನ್ನು ಹೊಡೆದುಹಾಕಿ
ಎರಡು ಏಳು ಎಂದು ಬರೆದೆ.
ಗುಡಾಣದಿಂದ ಹಸಿರಾಗಿ ಮೇಲೆದ್ದ ಬಟ್ಟೆ
ಅವನ ಕೈಯಲ್ಲೇ, ಗಾಳಿ ತಾಗಿದ್ದೇ,
ಅಂಚಿನಿಂದ ಒಳಕ್ಕೆ ನೀಲಿಯಾಗುತ್ತ ಬಂತು.
ದಿನಕ್ಕೆ ನಲವತ್ತು ಸಲ ಅದನ್ನು ಕಂಡವನು
ಪ್ರತಿ ಸಲವೂ "ಹೋ" ಅಂದ.

ಹಳದಿ ಕೆಡಿಸಿದ್ದು ನಾನು.
ಮಂಡಿಯಿಂದ ಪುಕ್ಕಟೆ ತಂದ ಈರುಳ್ಳಿ ಸಿಪ್ಪೆ
ತಾಮ್ರದ ಹಂಡೆಯಲ್ಲಿ ಕುದಿಯುತ್ತಿತ್ತು.
ಕುದಿಯ ಸದ್ದು ಕೇಳದ ಶಮೀಮ್ ಬಾನು
ಸೌಟಿನ ಹಿಡಿಯಲ್ಲಿ ಅದರ ನಡುಕ ಹಿಡಿಯುತ್ತಾಳೆ.
ತುಂಬಿ ಉಕ್ಕುತ್ತದೆಂದು ಅರ್ಧ ರಸ
ಮೂಲೆಯ ಕಬ್ಬಿಣದ ಬಕೇಟಿಗೆ ಸುರಿದೆ,
ಹನ್ನೊಂದು ಶಾಲು ಮುಳುಗಿಸಿದೆ.
ಓಡಿಬಂದು ಮುಷ್ಟಿಯ ಮೇಲೆ ಮುಷ್ಟಿ ಕುಟ್ಟಿದಳು,
ಮತ್ತೆ ಕುಟ್ಟಿದಳು.
ಬೈಯುತ್ತಿದ್ದಾಳೆ ಅಂದುಕೊಂಡು ತಲೆ ತಗ್ಗಿಸಿ ನಿಂತೆ.
ಕಬ್ಬಿಣ, ಕಬ್ಬಿಣ ಅಂತಿದ್ದಳಂತೆ.
ತುಕ್ಕು ಕುಡಿದ ಹಳದಿ
ಹುಣಸೆ ಚಿಗುರು ಒಣಗಿದ ಹಾಗೆ ಕಪ್ಪಿಟ್ಟಿತು.
ಆಮೇಲೆ ನಿಜಕ್ಕೂ ಬೈದಳು,
ಆ ಸನ್ನೆಗಳಿಗೆ ಅರ್ಥ ಕೇಳಬೇಕಾಗಲಿಲ್ಲ.

ಕೊನೆಯ ದಿನ ಲೆಕ್ಕಕ್ಕೆ ಕೂತೆವು.
ನನ್ನ ಹಾಳೆಯಲ್ಲಿ ನೂಲು, ಸೌದೆ, ಪಟಿಕ,
ಅಳಲೆಕಾಯಿ, ಅದ್ದಿದ ಕೂಲಿ, ಹಿಂಡಿದ ಕೂಲಿ.
ಕಾಟಮ್ಮ ಬೆರಳಿಟ್ಟು ಇಳಿದು ಬಂದು ಕೆಳಗೆ ನಿಲ್ಲಿಸಿದಳು.
"ಕಾಯ್ದ ಕೂಲಿ ಎಲ್ಲೈತೆ?"
"ಯಾರು ಕಾಯ್ದರು?"
"ಎರಡು ರಾತ್ರಿ ಆ ಗುಡಾಣದ ಮಗ್ಗುಲಾಗೆ
ಕಂಬಳಿ ಹೊದಿಸ್ಕೊಂಡು ಮಲಗಿದ್ದು
ನಿಮ್ಮ ಪುಸ್ತಕನಾ?"
ತಡ ಎಂದು ಬರೆದ ಎರಡು ಸಾಲಿನ ಮುಂದೆ
ರೂಪಾಯಿ ಹಾಕಿ ಸಹಿ ಮಾಡಿದೆ.
ಕೆಟ್ಟ ಹನ್ನೊಂದನ್ನು ನನ್ನ ಹೆಸರಿಗೇ ಬರೆದಳು,
ಒಂದು ಪೈಸೆ ಬಿಡಲಿಲ್ಲ.
ನಾನು ಮಾಡಿಸಿ ತಂದ ಚೀಟಿಯಲ್ಲಿ
ನನ್ನದೊಂದೇ ಹೆಸರಿತ್ತು.
ಯಾರೂ ಏನೂ ಅನ್ನಲಿಲ್ಲ.
ಓಬಳೇಶಣ್ಣ ಕಾಗದ ಸವರಿ
"ನುಣ್ಣಗೈತೆ" ಅಂದ, ಅಷ್ಟೇ.
ಕಟ್ಟು ಬಿಚ್ಚದೆ ಚೀಲಕ್ಕೆ ವಾಪಸು ಹಾಕಿಕೊಂಡೆ.

ದಾವಣಗೆರೆ ಬಸ್ಸು. ಕಿಟಕಿಯಾಚೆ ಗುಡ್ಡದ ಮೇಲೆ
ಗಾಳಿಯಂತ್ರಗಳು ಯಾರ ಬಟ್ಟೆಯನ್ನೋ
ಒಣಗಿಸುವ ಅವಸರದಲ್ಲಿದ್ದವು.
ಕಂಡಕ್ಟರು ಚಿಲ್ಲರೆ ಕೊಡುತ್ತ
ನನ್ನ ಉಗುರು ನೋಡಿ ಕೈ ತುಸು ಎತ್ತಿ ಹಿಡಿದು
ನಾಣ್ಯಗಳನ್ನು ಅಂಗೈಗೆ ಉದುರಿಸಿದ.
ಎಣಿಸಿದೆ. ಐದು, ಆರು, ಏಳು.
ಒಂದು.