ನೋಡಲಾಗಿದೆ

ಟೆಮಾ ಬಂದರು, ಜಲಮಂಡಳಿ, ಮೂರನೇ ಮಹಡಿ.
ಬಾಗಿಲ ಮೇಲೆ ನನ್ನ ಹೆಸರು, ಬಣ್ಣ ಇನ್ನೂ ಅಂಟು ಅಂಟು:
ಅರಾಬಾ ಕ್ವಾನ್ಸಾ, ಜ್ಞಾನ ನಿರ್ವಹಣೆಯ ಮುಖ್ಯಸ್ಥೆ.
ಹಾಗೆಂದರೇನಮ್ಮ, ಕೇಳಿದ ಲಿಫ್ಟಿನವನು.
ನಕ್ಕೆ. ನನಗೂ ಸೋಮವಾರವಷ್ಟೇ ತಿಳಿದದ್ದು,
ಅದೂ ಅರ್ಧ.

ಮೊದಲ ವಾರವೆಲ್ಲ ಬಾಣ ಬರೆದೆ ಪರದೆಯ ಮೇಲೆ:
ಜ್ಞಾನ ಇಲ್ಲಿಂದ ಹೊರಟು ಅಲ್ಲಿಗೆ ತಲುಪುವುದು
ನಲ್ಲಿ ತಿರುಗಿಸಿದಷ್ಟು ಸಲೀಸು.
ನಿರ್ದೇಶಕರು ತಲೆದೂಗಿದರು.

ಎರಡನೇ ವಾರ ಮೀನುಪೇಟೆಯಲ್ಲಿ ಪೈಪು ಒಡೆಯಿತು.
ಹೊಸ ಹುಡುಗರು ಮೂವರು, ಕೈಯಲ್ಲಿ ನಕ್ಷೆ,
ವಾಲ್ವನ್ನು ಬಲಕ್ಕೆ ತಿರುಗಿಸಿದಷ್ಟೂ
ನೀರು ಮೊಣಕಾಲಿಗೇರಿತು.
ತೇಲಿಹೋಯಿತು ಕೆಂಕೆ ಕಡುಬಿನವಳ ಬುಟ್ಟಿ.
ಕೊನೆಗೆ ಮನೆಯಿಂದ ಕರೆಸಿದರು ನಿವೃತ್ತ ಓಡೊಟೆಯನ್ನು.
ಚಪ್ಪಲಿ ಕಳಚಿಟ್ಟು ಇಳಿದ. ಎಡಕ್ಕೆ ತಿರುಗಿಸಿದ.
ನಿಂತಿತು.

"ಇದೊಂದು ಉಲ್ಟಾ. ಕೂರಿಸಿದವನು ಎಡಚನಿರಬೇಕು."
ಪುಸ್ತಕ ತೆರೆದೆ: ಹೇಳಿ ಅಜ್ಜ, ಬರೆದುಕೊಳ್ಳುತ್ತೇನೆ.
ಬಹಳ ಹೊತ್ತು ನನ್ನ ಮುಖ ನೋಡಿದ.
"ಬರೆದುಕೊಟ್ಟಿದ್ದೆನಲ್ಲ."

ನನ್ನದೇ ಕೋಣೆ. ನನ್ನದೇ ಬೀರು. ಕೆಳಗಿನ ಖಾನೆ.
ಗೆದ್ದಲು ತಿಂದು ಬಿಟ್ಟಷ್ಟರಲ್ಲಿ
ದುಂಡು ಅಕ್ಷರದ ಒಂದು ಹಾಳೆ:
ವಾಲ್ವ್ ಹದಿನಾಲ್ಕು, ಎಡಕ್ಕೆ, ಎಚ್ಚರ.
ಅಂಚಿಗೆ ಮೂವರು ಸಾಹೇಬರ ಮೂರು ಬಣ್ಣದ ಶಾಯಿ:
ನೋಡಲಾಗಿದೆ. ನೋಡಲಾಗಿದೆ. ನೋಡಲಾಗಿದೆ.

ನಾಲ್ಕನೆಯದಕ್ಕೂ ಜಾಗವಿತ್ತು.
ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು.

ಮತ್ತೆ ಹಾಕಿದೆ. ಉಗ್ರಾಣಕ್ಕೆ ಚೀಟಿ ಕಳಿಸಿದೆ:
ಕೆಂಪು ಪೇಂಟು ಒಂದು ಡಬ್ಬಿ, ಕುಂಚ ಒಂದು,
ಕಬ್ಬಿಣದ ಮುಚ್ಚಳದ ಮೇಲೆ ಬಾಣ ಬರೆಯಲು.
ಸಂಜೆಗೆ ಚೀಟಿ ವಾಪಸು ಬಂತು,
ಡಬ್ಬಿಯಿಲ್ಲ,
ಮೂಲೆಯಲ್ಲಿ ಒಂದೇ ಪದ, ನೀಲಿ ಶಾಯಿ.