ಹೊರಗೆ ಕೂತದ್ದು

ಮಾರ್ಚ್ ಕೊನೆಯ ಶನಿವಾರ. ಬಿಷಪ್ಸ್ ಕ್ಯಾಸಲ್ ದಾಟಿ ಎರಡು ಮೈಲಿ,
ಹುಲ್ಲಿನ ಮೇಲೆಯೇ ಕಾರು ನಿಲ್ಲಿಸಿದೆವು.
ತಲೆಗೆ ಏಳು ಪೌಂಡು, ಐದರೊಳಗಿನವರಿಗೆ ಪುಕ್ಕಟೆ.
ಅಂಗೈ ಹಿಂದೆ ನೀಲಿ ಶಾಯಿಯ ಕುರಿಯೊಂದನ್ನು ಒತ್ತಿ
ಗೇಟಿನ ಹುಡುಗಿ ಹೇಳಿದಳು: ಕೊಟ್ಟಿಗೆ ಎಡಕ್ಕೆ,
ಈಯುವುದು ಇನ್ನೂ ಮೂರಿವೆ,
ಹೊತ್ತು ಮಾತ್ರ ಅವು ಹೇಳಿಲ್ಲ.

ಮಹಾಂತೇಶನಿಗೆ ಅವಸರ.
ಅವನ ತಂಗಿಯ ಮಗಳು ಇಂಚರಾಳ
ಬೂಟಿನೊಳಗೆ ಆಗಲೇ ಕೆಸರು.
ಬಾಗಿಲಲ್ಲೊಂದು ಹಳದಿ ಹಲಗೆ:
ಕೈ ತೊಳೆಯಿರಿ.
ಮರಿಗಳಿಗೆ ಮುತ್ತಿಡಬೇಡಿ.
ಆಮೇಲೆ ದಪ್ಪಕ್ಷರದಲ್ಲಿ,
ಬಸುರಿಯರು, ಬಸುರಿ ಇರಬಹುದಾದವರು
ದಯವಿಟ್ಟು ಹೊರಗೇ ಇರಿ.

ಇರಬಹುದಾದವರು.
ಆ ಪದದ ಮುಂದೆ ನಿಂತುಬಿಟ್ಟೆ,
ಈ ದೇಶದಲ್ಲಿ ಮೊದಲ ಸಲ ಯಾರೋ
ನನ್ನ ಹೆಸರು ತಪ್ಪಿಲ್ಲದೆ ಕೂಗಿದಂತೆ.

ನೀರು ನಿಂತು ಹನ್ನೊಂದು ದಿನ.
ಬಚ್ಚಲ ಕಪಾಟಿನಲ್ಲಿ, ಹತ್ತಿಯ ಡಬ್ಬಿಯ ಹಿಂದೆ
ಎರಡು ಗೆರೆಯ ಕಡ್ಡಿ. ಅದನ್ನೂ ನನ್ನನ್ನೂ ಬಿಟ್ಟರೆ
ಇಡೀ ಶ್ರಾಪ್‌ಶೈರಿನಲ್ಲಿ ಯಾರಿಗೂ ಗೊತ್ತಿಲ್ಲ.
ಹೋದ ಸಲ ಬೇಗ ಹೇಳಿದ್ದೆವು.
ಆಮೇಲೆ ಒಂದೊಂದೇ ಮನೆಗೆ ಫೋನು ಹಚ್ಚಿ
ಹಂಚಿದ ಪೇಡೆ ವಾಪಸು ಕೇಳಿದ ಹಾಗೆ
ಸುದ್ದಿಯನ್ನು ಹಿಂದಕ್ಕೆ ತಗೊಂಡಿದ್ದೆವು.

"ಬೂಟು ಕಚ್ಚತಾ ಇದೆ, ನೀವು ಹೋಗಿ ಬರ್ರಿ" ಅಂದೆ.
ಅವನು ನನ್ನ ಬೂಟು ನೋಡಿದ.
ಹಲಗೆ ನೋಡಲಿಲ್ಲ.

ಹೊರಗೆ ಕೂತೆ.
ನಮ್ಮಜ್ಜಿ ಇದ್ದಿದ್ದರೆ ಲೆಕ್ಕ ತಪ್ಪುತ್ತಿದ್ದಳು.
ತಿಂಗಳಿಗೆ ಮೂರು ದಿನ ಗೋಣಿಚೀಲದ ಮೇಲೆ,
ತಾಟು ಬೇರೆ, ಲೋಟ ಬೇರೆ,
ಹೊರಗಾದದ್ದಕ್ಕೆ ಹೊರಗೆ ಕೂತು ಬೆಳೆದವಳು
ಇವತ್ತು ಹೊರಗಾಗದ್ದಕ್ಕೆ
ಹೊರಗೆ.
ನಗು ಬಂತು. ಹೇಳಿಕೊಳ್ಳಲು ಕೋಳಿಗಳಿದ್ದವು,
ಅವು ತಮ್ಮ ತಿಪ್ಪೆ ಕೆದಕುತ್ತಿದ್ದವು.

ಒಳಗಿನಿಂದ ಗಂಟಲಾಳದ ಒಂದು ಗೊಣಗು.
ಮರಿಗೆಂದೇ ಕುರಿ ಎತ್ತಿಟ್ಟುಕೊಂಡ ದನಿಯಂತೆ ಅದು,
ಆಮೇಲೆ ತಿಳಿಯಿತು.
ಜನ ಓ ಎಂದರು. ಎಲ್ಲರೂ ಸುಮ್ಮನಾದರು.
ಸುಮ್ಮನಿದ್ದದ್ದು ತುಸು ಹೆಚ್ಚೇ ಆಯಿತು.
ನನ್ನ ಕೈ ತಾನಾಗಿಯೇ ಕೋಟಿನ ಮೂರನೇ ಗುಂಡಿಯ ಮೇಲೆ.
ಆಮೇಲೆ ಸಣ್ಣದೊಂದು ಕೆಮ್ಮು,
ಚಪ್ಪಾಳೆ.

ಬಕೆಟ್ಟು ಹಿಡಿದು ಮುದುಕನೊಬ್ಬ ಬಂದ, ಗಿಟಿನ್ಸ್.
ಹೊಲ ಈಗ ಮಗಳದಂತೆ,
ಮೊಣಕಾಲು ನೋವು ಮಾತ್ರ ಇನ್ನೂ ಅವನ ಹೆಸರಿನಲ್ಲಿ.
ನನ್ನ ನೋಡಿದ, ಹಲಗೆ ನೋಡಿದ.
ನಲವತ್ತೆಂಟು ಚಳಿಗಾಲದ ಕೊನೆಗೆ ಕುರಿ ಈಯಿಸಿದವನು
ಕೇಳುವುದೇನಿದೆ?
ಒದ್ದೆ ಹುಲ್ಲುಪೆಂಡಿಯಿಂದ ನನ್ನನ್ನೆಬ್ಬಿಸಿ ಕುರ್ಚಿ ತಂದ,
ಒಂದು ಕಾಲು ಕುಂಟು ಅದರದ್ದು.
ಮೇಲೆ ತನ್ನ ಕೋಟು ಮಡಚಿ ಹಾಸಲು ಹೋಗಿ
ತಟ್ಟನೆ ನಿಂತ.
"ಬೇಡ. ಇದರ ತುಂಬ ಕುರಿ ಇದೆ. ನಿನಗಾಗದು."
ಅಷ್ಟೇ ಅಂದದ್ದು.
ಮೊಣಕೈತನಕ ತೊಳೆದುಕೊಂಡು ಚಹಾ ತಂದುಕೊಟ್ಟು
ಈ ಸಲ ಮಾರ್ಚ್ ಮೆತ್ತಗಿದೆ ಎಂದು
ಆಕಾಶದ ಕಡೆ ತಿರುಗಿದ.
ಹೀಗೆ ನನ್ನ ಗಂಡನಿಗಿಂತ, ನನ್ನ ತಾಯಿಗಿಂತ ಮೊದಲು
ಒಬ್ಬನಿಗೆ ತಿಳಿಯಿತು. ಭಾರ ಇಳಿಯಲಿಲ್ಲ,
ಆದರೆ ಹಿಡಿಕೆ ಸಿಕ್ಕಿತು.

ಬಂದರು. ಇಂಚರಾಳ ಕೂದಲಲ್ಲಿ ಹುಲ್ಲು.
"ಅವಳಿ! ಎರಡನೇದು ಉಸಿರೇ ಆಡಲಿಲ್ಲ,
ಆಯಮ್ಮ ಮೂಗಿಗೆ ಕಡ್ಡಿ ಹಾಕಿ ಕಚಗುಳಿ ಇಟ್ಟಳು,
ಸೀನಿಬಿಡ್ತು ಅತ್ತೆ!"
ಅಪ್ಪಲು ಓಡಿ ಬಂದವಳಿಂದ ಹಿಂದೆ ಸರಿದೆ.
"ಮೊದಲು ಕೈ."
"ತೊಳೆದೀವಿ" ಅಂದ ಮಹಾಂತೇಶ.
"ಇನ್ನೊಮ್ಮೆ."

ನಲ್ಲಿ ಇದ್ದದ್ದು ಹಲಗೆಯ ಪಕ್ಕದಲ್ಲೇ.
ಮೊದಲು ಮಗುವಿನ ಕೈ ತೊಳೆಸಿದ.
ತನ್ನದಕ್ಕೆ ಸೋಪು ಹಚ್ಚಿದ, ಬೆರಳ ಸಂದಿಗೂ ಹಚ್ಚಿದ,
ತಲೆ ಎತ್ತಿದ.
ನೊರೆಯ ಕೈ ಹಾಗೇ ನಿಂತಿತು.
ನೀರು ಹರಿಯುತ್ತಲೇ ಇತ್ತು, ಅಂಗಳದ ಕಲ್ಲು ದಾಟಿ
ಕೋಳಿಗಳ ಕಡೆಗೆ.
ನಿಲ್ಲಿಸು ಎಂದು ಮುದುಕ ಹೇಳಲಿಲ್ಲ.